ಹೊಸ ಕಾರಿನ ಆರ್‌ಸಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರು ಮನೆಗೆ ಬಂದ ದಿನ ಪೂಜೆ ಆಗುತ್ತದೆ. ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ, ಬೀದಿಯವರಿಗೆಲ್ಲ ಸಿಹಿ ಹಂಚುತ್ತೇವೆ. ಶೋರೂಮ್‌ನವರು ಕೊಟ್ಟ ಫೈಲು ಬೀರುವಿಗೆ ಹೋಗುತ್ತದೆ. ಅದನ್ನು ಬಿಚ್ಚಿ ಓದುವವರು ಕಮ್ಮಿ. ನಾನೂ ಓದಿರಲಿಲ್ಲ. ಅದರಿಂದ ಆದ ಓಡಾಟದಲ್ಲಿ ಕಲಿತದ್ದು ಬಹಳ. ಆಮೇಲೆ ಕಾರು ಕೊಂಡ ನೆಂಟರು, ಗೆಳೆಯರು, ಅಕ್ಕಪಕ್ಕದವರು ಕೇಳುತ್ತಾ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಇದು ಕರ್ನಾಟಕದಲ್ಲಿ ಸ್ವಂತ ಬಳಕೆಗೆ ಹೊಸ ಕಾರು ತೆಗೆದುಕೊಳ್ಳುವವರಿಗಾಗಿ. ಟ್ಯಾಕ್ಸಿಗೆ, ಹಳದಿ ಬೋರ್ಡಿನ ಗಾಡಿಗೆ ನಿಯಮ ಬೇರೆ.

ಆರ್‌ಸಿ ಅಂದರೆ ಆ ಪ್ಲಾಸ್ಟಿಕ್ ಕಾರ್ಡೇ ಅಲ್ವಾ?

ಆರ್‌ಸಿ ಅಂದರೆ ಕಾರಿನ ನೋಂದಣಿ ಪತ್ರ. ಕಾರ್ಡು ಅದರ ಬರೀ ನಕಲು. ಅಸಲಿ ಇರುವುದು ಸಾರಿಗೆ ಇಲಾಖೆಯ ದಾಖಲೆಯಲ್ಲಿ, ಅಂದರೆ ಈಗ ‘ವಾಹನ್’ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ. ಈ ಕಾರು, ಈ ಚಾಸಿಸ್ ನಂಬರ್, ಈ ಎಂಜಿನ್ ನಂಬರ್, ಇದರ ಮಾಲೀಕರು ಇಂಥವರು ಎಂದು ಅಲ್ಲಿ ಬರೆದಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಕಾರು ಯಾರ ಹೆಸರಿನಲ್ಲಿ ನೋಂದಣಿ ಆಗಿದೆಯೋ ಅವರೇ ಮಾಲೀಕರು. ದುಡ್ಡು ಯಾರು ಕೊಟ್ಟರು, ಯಾರು ಓಡಿಸುತ್ತಾರೆ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು: ಕಾರ್ಡಿಗಾಗಿ ಕಾಯುವುದು ಆಮೇಲೆ. ಮೊದಲು ಆ ದಾಖಲೆಯಲ್ಲಿ ಏನು ಬರೆಯುತ್ತಾರೆ ಎಂದು ನೋಡಿ.

ಎಲ್ಲಾ ಶೋರೂಮ್‌ನವರೇ ಮಾಡಿಸುತ್ತಾರಲ್ಲ, ನನಗೇನು ಕೆಲಸ?

ಅರ್ಜಿ ಹಾಕುವುದು ಅವರ ಕೆಲಸ, ನಿಜ. 2019ರ ತಿದ್ದುಪಡಿ ಆದಮೇಲೆ, ಅದೇ ರಾಜ್ಯದಲ್ಲಿ ನೋಂದಣಿ ಆಗುವ ಹೊಸ ಗಾಡಿಗೆ ಡೀಲರೇ ಅರ್ಜಿ ಹಾಕಬೇಕು. ಫ್ಯಾಕ್ಟರಿಯಿಂದ ಪೂರ್ತಿ ತಯಾರಾಗಿ ಬಂದ ಕಾರನ್ನು ಈಗ ಆರ್‌ಟಿಒ ಕಚೇರಿಗೆ ಒಯ್ದು ತೋರಿಸುವ ಅಗತ್ಯವೂ ಇಲ್ಲ.

ಆದರೆ ಅರ್ಜಿಯಲ್ಲಿ ಟೈಪ್ ಮಾಡುವವರು ಶೋರೂಮಿನ ಒಬ್ಬ ಹುಡುಗನೋ ಹುಡುಗಿಯೋ. ದಿನಕ್ಕೆ ಎಷ್ಟೋ ಗಾಡಿಗಳ ವಿವರ ತುಂಬುತ್ತಿರುತ್ತಾರೆ. ಅವರು ಏನು ಹೊಡೆಯುತ್ತಾರೋ ಅದೇ ಆರ್‌ಸಿ ಆಗುತ್ತದೆ. ನಮ್ಮ ಕಾರಿನಲ್ಲಿ ಆದದ್ದು ಹೀಗೆ. ಮನೆ ನಂಬರ್ ಬಿಟ್ಟು ಬರೀ ಬಡಾವಣೆ, ಊರು, ಪಿನ್ ಕೋಡ್ ಹಾಕಿದ್ದರು. ಮೊಬೈಲ್ ನಂಬರ್ ಜಾಗದಲ್ಲಿ ಶೋರೂಮಿನದೇ ಒಂದು ನಂಬರ್ ಇತ್ತು. ಕಾರ್ಡು ಅಂಚೆಯಲ್ಲಿ ಹೊರಟಿತು, ಮನೆ ಸಿಗದೆ ವಾಪಸ್ ಹೋಯಿತು. ಮೆಸೇಜ್ ಹೋದದ್ದು ಬೇರೆಯವರ ಫೋನಿಗೆ. ಎರಡು ತಿಂಗಳು ನಾವು ಸುಮ್ನೆ ಕಾಯುತ್ತಾ ಕೂತಿದ್ದೆವು.

ಹಾಗಾಗಿ ಅರ್ಜಿ ಕಳಿಸುವ ಮೊದಲು ಒಂದು ಪ್ರಿಂಟ್ ಕೇಳಿ, ಇಲ್ಲ ಅಂದರೆ ಸ್ಕ್ರೀನ್ ತೋರಿಸಿ ಅನ್ನಿ. ಹತ್ತು ನಿಮಿಷದ ಕೆಲಸ. ಹೆಸರಿನ ಅಕ್ಷರಗಳು ಆಧಾರ್, ಪ್ಯಾನ್‌ನಲ್ಲಿ ಇದ್ದಂತೆಯೇ ಇವೆಯಾ ನೋಡಿ. ನಮ್ಮಲ್ಲಿ ಇನಿಷಿಯಲ್ ತಕರಾರು ಬಹಳ: ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ, ಇನ್ನೊಂದು ಕಡೆ ಅಪ್ಪನ ಪೂರ್ತಿ ಹೆಸರು. ವಿಳಾಸ, ಪಿನ್ ಕೋಡ್ ನೋಡಿ. ಮೊಬೈಲ್ ನಂಬರ್ ನಿಮ್ಮದೇ ಇರಬೇಕು. ಮುಂದೆ ದಂಡದ ಚಲನ್ ಸಂದೇಶ, ಒಟಿಪಿ ಎಲ್ಲ ಬರುವುದು ಆ ನಂಬರಿಗೆ. ಸಾಲ ಇದ್ದರೆ ಬ್ಯಾಂಕಿನ ಹೆಸರು ಸರಿ ಇದೆಯಾ, ಸಾಲ ಇಲ್ಲದಿದ್ದರೆ ಆ ಜಾಗ ಖಾಲಿ ಇದೆಯಾ ನೋಡಿ.

ಕೊನೆಗೆ ಚಾಸಿಸ್ ನಂಬರ್. ಇದು 17 ಅಕ್ಷರ ಮತ್ತು ಅಂಕಿಗಳ ಸಾಲು. ಕಾರಿನ ಮೇಲೆ ಕೊರೆದಿರುವುದನ್ನು ಫೋಟೊ ತೆಗೆದುಕೊಂಡು, ಇನ್‌ವಾಯ್ಸ್ ಮತ್ತು ಇನ್ಶೂರೆನ್ಸ್ ಜೊತೆ ಒಂದೊಂದೇ ಅಕ್ಷರ ಹಿಡಿದು ಹೋಲಿಸಿ. ಒಂದು ಸುಳಿವು: ಇಂಗ್ಲಿಷಿನ ಐ, ಓ, ಕ್ಯೂ ಈ ಮೂರು ಅಕ್ಷರ ಚಾಸಿಸ್ ನಂಬರಿನಲ್ಲಿ ಬರುವುದೇ ಇಲ್ಲ. ಒಂದು, ಸೊನ್ನೆ ಅಂಕಿಗಳ ಜೊತೆ ಗೊಂದಲ ಆಗಬಾರದು ಅಂತಲೇ ಅವನ್ನು ಬಿಟ್ಟಿದ್ದಾರೆ. ಕಾಗದದಲ್ಲಿ ಓ ಅಕ್ಷರ ಕಂಡರೆ ಅದು ಸೊನ್ನೆ ಆಗಬೇಕಿತ್ತು ಎಂದೇ ಅರ್ಥ.

ಯಾವ ಯಾವ ಕಾಗದ ಬೇಕು?

ಫಾರಂ 20 ನೋಂದಣಿಯ ಅರ್ಜಿ. ಅದಕ್ಕೆ ನಿಮ್ಮ ಸಹಿ ಬೇಕು. ಫಾರಂ 21 ಡೀಲರ್ ಕೊಡುವ ಮಾರಾಟದ ಪತ್ರ. ಫಾರಂ 22 ಕಾರು ರಸ್ತೆಗೆ ಯೋಗ್ಯ ಎಂದು ತಯಾರಿಸಿದ ಕಂಪನಿ ಕೊಡುವ ಪತ್ರ. ಇವುಗಳ ಜೊತೆ ಇನ್‌ವಾಯ್ಸ್, ಇನ್ಶೂರೆನ್ಸ್, ವಿಳಾಸದ ದಾಖಲೆ, ಪ್ಯಾನ್ ಮತ್ತು ಫೋಟೊ. ಪ್ಯಾನ್ ಇಲ್ಲದವರು ಫಾರಂ 60 ಕೊಡುತ್ತಾರೆ. ಸಾಲದ ಕಾರಾದರೆ ಬ್ಯಾಂಕಿನವರ ಸಹಿ, ಸೀಲು ಕೂಡ ಬೇಕು.

ಖಾಲಿ ಫಾರಂಗೆ ಸಹಿ ಹಾಕಬೇಡಿ. ‘ಆಮೇಲೆ ತುಂಬಿಕೊಳ್ತೀವಿ ಸರ್’ ಎಂದು ಎಷ್ಟು ವಿನಯದಿಂದ ಹೇಳಿದರೂ ಬೇಡ.

ಆಧಾರ್‌ನಲ್ಲಿ ಊರಿನ ವಿಳಾಸ ಇದೆ, ಇರುವುದು ಬೆಂಗಳೂರಿನ ಬಾಡಿಗೆ ಮನೆಯಲ್ಲಿ. ಎಲ್ಲಿ ಮಾಡಿಸಲಿ?

ನೀವು ಎಲ್ಲಿ ವಾಸ ಇದ್ದೀರೋ, ಕಾರು ಸಾಮಾನ್ಯವಾಗಿ ಎಲ್ಲಿ ನಿಲ್ಲುತ್ತದೋ ಆ ರಾಜ್ಯದಲ್ಲಿ ನೋಂದಣಿ ಆಗಬೇಕು ಅನ್ನುವುದು ಕಾನೂನು. ಆ ರಾಜ್ಯದೊಳಗೆ ಯಾವ ನೋಂದಣಿ ಕಚೇರಿಯಲ್ಲಾದರೂ ಆಗಬಹುದು ಎಂದು 2019ರ ತಿದ್ದುಪಡಿ ಹೇಳುತ್ತದೆ. ರೂಢಿಯಲ್ಲಿ ಮಾತ್ರ ನೀವು ಕೊಡುವ ವಿಳಾಸಕ್ಕೆ ಸೇರಿದ ಆರ್‌ಟಿಒಗೇ ಅರ್ಜಿ ಹೋಗುತ್ತದೆ. ಜಯನಗರದ ಕಡೆಯವರಿಗೆ ಕೆಎ 05, ಎಲೆಕ್ಟ್ರಾನಿಕ್ ಸಿಟಿ ಕಡೆಗೆ ಕೆಎ 51, ಶಿವಮೊಗ್ಗಕ್ಕೆ ಕೆಎ 14, ಮಂಗಳೂರಿಗೆ ಕೆಎ 19, ಧಾರವಾಡಕ್ಕೆ ಕೆಎ 25, ಕಲಬುರಗಿಗೆ ಕೆಎ 32.

ಊರಿನ ನಂಬರೇ ಬೇಕು ಅನ್ನುವ ಆಸೆ ಬಹಳ ಜನರಿಗೆ ಇರುತ್ತದೆ. ನನಗೆ ಅದು ಅರ್ಥ ಆಗುತ್ತದೆ. ಊರಿನ ಮನೆ, ಆಧಾರ್ ಎರಡೂ ಅಲ್ಲೇ ಇದ್ದರೆ ತಪ್ಪೇನಿಲ್ಲ. ಆದರೆ ಕಾರ್ಡು ಅಂಚೆಯಲ್ಲಿ ಬರುವುದು ಆ ವಿಳಾಸಕ್ಕೆ. ಅಲ್ಲಿ ತೆಗೆದುಕೊಳ್ಳುವವರು ಯಾರಾದರೂ ಇರಬೇಕು. ಬಾಡಿಗೆ ಮನೆಯ ವಿಳಾಸಕ್ಕೇ ಮಾಡಿಸುವುದಾದರೆ ಬಾಡಿಗೆ ಕರಾರು ಪತ್ರದ ಜೊತೆ ಇನ್ನೇನು ಬೇಕು ಎಂದು ಮೊದಲೇ ಕೇಳಿಕೊಳ್ಳಿ. ಮುಂದೆ ಮನೆ ಬದಲಾದರೆ 30 ದಿನದೊಳಗೆ ವಿಳಾಸ ಬದಲಾವಣೆಗೆ ಅರ್ಜಿ ಹಾಕಬೇಕು. ಅದು ಫಾರಂ 33.

ಕರ್ನಾಟಕದಲ್ಲಿ ರೋಡ್ ಟ್ಯಾಕ್ಸ್ ಎಷ್ಟು? ಯಾಕೆ ಇಷ್ಟೊಂದು ಜಾಸ್ತಿ?

ನಮ್ಮ ರಾಜ್ಯದ್ದು ದೇಶದಲ್ಲೇ ಹೆಚ್ಚು ಟ್ಯಾಕ್ಸ್ ಇರುವ ರಾಜ್ಯಗಳಲ್ಲಿ ಒಂದು. 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆಯಡಿ ಸ್ವಂತ ಕಾರಿಗೆ ಒಂದೇ ಸಲ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಪೆಟ್ರೋಲ್, ಡೀಸೆಲ್ ಕಾರಿನ ಬೆಲೆ 5 ಲಕ್ಷದವರೆಗೆ ಇದ್ದರೆ ಶೇ. 13. ಅದಕ್ಕಿಂತ ಮೇಲೆ 10 ಲಕ್ಷದವರೆಗೆ ಶೇ. 14. 10ರಿಂದ 20 ಲಕ್ಷದವರೆಗೆ ಶೇ. 17. 20 ಲಕ್ಷ ದಾಟಿದರೆ ಶೇ. 18. ಹೀಗೆ ಬಂದ ಟ್ಯಾಕ್ಸಿನ ಮೇಲೆ ಮತ್ತೆ ಶೇ. 11 ಸೆಸ್. ಸಾರಿಗೆ ಕಾರ್ಮಿಕರ ಕಲ್ಯಾಣಕ್ಕೆ ಎಂದು ಕಾರಿಗೆ 1,000 ರೂಪಾಯಿ ಬೇರೆ ಸೇರಿದೆ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಆದಾಯ ತೆರಿಗೆಯ ಥರ ಮೇಲಿನ ಭಾಗಕ್ಕೆ ಮಾತ್ರ ಹೆಚ್ಚಿನ ದರ ಅಲ್ಲ. ಬೆಲೆ ಯಾವ ಹಂತಕ್ಕೆ ಬಂತೋ ಆ ದರ ಪೂರ್ತಿ ಬೆಲೆಗೆ ಬೀಳುತ್ತದೆ. 9,90,000 ರೂಪಾಯಿಯ ಕಾರು ಅಂದುಕೊಳ್ಳಿ. ಶೇ. 14ರಂತೆ 1,38,600, ಅದರ ಮೇಲೆ ಸೆಸ್ 15,246, ಒಟ್ಟು 1,53,846. ಅದೇ ಕಾರಿನ ಮುಂದಿನ ಮಾದರಿ 10,10,000 ಅಂದುಕೊಳ್ಳಿ. ಶೇ. 17ರಂತೆ 1,71,700, ಸೆಸ್ 18,887, ಒಟ್ಟು 1,90,587. ಕಾರಿನ ಬೆಲೆ ಹೆಚ್ಚಾದದ್ದು 20,000, ಟ್ಯಾಕ್ಸ್ ಹೆಚ್ಚಾದದ್ದು 36,741! ಹತ್ತು ಲಕ್ಷದ ಆಸುಪಾಸಿನ ಕಾರು ನೋಡುತ್ತಿದ್ದರೆ, ಬಣ್ಣ ಆರಿಸುವ ಮೊದಲು ಈ ಲೆಕ್ಕ ಒಂದು ಹಾಳೆಯ ಮೇಲೆ ಹಾಕಿ. ಕೆಲವು ಬಣ್ಣಗಳಿಗೆ ಬೆಲೆ ಜಾಸ್ತಿ ಇರುತ್ತದೆ. ಆ ಹೆಚ್ಚುವರಿಯೇ ಗೆರೆ ದಾಟಿಸಿಬಿಡಬಹುದು.

ದರಗಳನ್ನು ಸರ್ಕಾರ ಬಜೆಟ್ಟಿನಲ್ಲಿ ಬದಲಾಯಿಸುತ್ತಿರುತ್ತದೆ. ಬುಕ್ ಮಾಡುವ ದಿನ ಒಮ್ಮೆ ಕೇಳಿ ಖಚಿತ ಮಾಡಿಕೊಳ್ಳಿ.

ಶೋರೂಮ್ ಬಿಲ್ಲಿನಲ್ಲಿ ‘ಆರ್‌ಟಿಒ ಚಾರ್ಜಸ್’ ಅಂತ ಒಂದೇ ಸಾಲು ಇದೆ. ಅದರಲ್ಲಿ ಏನೇನಿದೆ?

ಬಿಡಿಸಿ ಕೊಡಿ ಎಂದು ಕೇಳಿ. ಕೇಂದ್ರದ ನಿಯಮದ ಪ್ರಕಾರ ಸ್ವಂತ ಬಳಕೆಯ ಕಾರಿನ ನೋಂದಣಿ ಫೀಸು 600 ರೂಪಾಯಿ, ಸ್ಮಾರ್ಟ್ ಕಾರ್ಡಿಗೆ 200. ಸಾಲದ ಕಾರಾದರೆ ಬ್ಯಾಂಕಿನ ಹೆಸರು ಸೇರಿಸಲು 1,500. ಅಂಚೆ ಖರ್ಚಿನಂಥ ಸಣ್ಣಪುಟ್ಟವು ಸೇರುತ್ತವೆ. ಮಿಕ್ಕಿದ್ದೆಲ್ಲ ಟ್ಯಾಕ್ಸ್. ನೀವು ಕೊಟ್ಟ ದುಡ್ಡಿಗೂ ಸರ್ಕಾರಿ ರಸೀದಿಗೂ ಸಾವಿರಾರು ರೂಪಾಯಿ ವ್ಯತ್ಯಾಸ ಬಂದರೆ, ಅದು ಶೋರೂಮಿನವರು ತಮ್ಮ ಕೆಲಸಕ್ಕೆ ಹಾಕಿಕೊಂಡದ್ದು. ಅದನ್ನು ಕೊಡಬೇಕೋ ಬೇಡವೋ ಎಂದು ಮಾತಾಡುವ ಹಕ್ಕು ನಿಮಗಿದೆ.

ಟ್ಯಾಕ್ಸ್ ಮತ್ತು ಫೀಸಿನ ರಸೀದಿ ವಾಹನ್ ವ್ಯವಸ್ಥೆಯಿಂದಲೇ ಬರುತ್ತದೆ. ಅದನ್ನು ಕೇಳಿ ಪಡೆದು ಜೋಪಾನ ಮಾಡಿ. ಮುಂದೆ ಕೆಲಸದ ಮೇಲೆ ಬೇರೆ ರಾಜ್ಯಕ್ಕೆ ಹೋಗಿ ಅಲ್ಲಿ ಮರುನೋಂದಣಿ ಮಾಡಿಸಿದರೆ, ಇಲ್ಲಿ ಕಟ್ಟಿದ ಟ್ಯಾಕ್ಸಿನಲ್ಲಿ ಉಳಿದ ಭಾಗ ವಾಪಸ್ ಕೇಳಲು ಬೇಕಾಗುವುದು ಇದೇ ರಸೀದಿ.

ನಾಳೆ ಆಯುಧ ಪೂಜೆ. ನಂಬರ್ ಇನ್ನೂ ಬಂದಿಲ್ಲ. ಕಾರು ಮನೆಗೆ ತರಬಹುದಾ?

ಈ ಪ್ರಶ್ನೆ ಯುಗಾದಿಗೂ ಬರುತ್ತದೆ, ಅಕ್ಷಯ ತದಿಗೆಗೂ ಬರುತ್ತದೆ. ಕಾನೂನು ಸ್ಪಷ್ಟವಾಗಿದೆ: ಡೀಲರ್ ಮೂಲಕ ನೋಂದಣಿ ಆಗುವ ಹೊಸ ಕಾರನ್ನು ನಂಬರ್ ಪ್ಲೇಟ್ ಹಾಕದೆ ಮಾಲೀಕರಿಗೆ ಕೊಡುವ ಹಾಗಿಲ್ಲ. ‘ಅಪ್ಲೈಡ್ ಫಾರ್ ರಿಜಿಸ್ಟ್ರೇಷನ್’ ಎಂದು ಕಾಗದ ಅಂಟಿಸಿಕೊಂಡು ಓಡಾಡುವ ಕಾಲ ಮುಗಿಯಿತು. ನೋಂದಣಿ ಇಲ್ಲದ ಗಾಡಿ ಓಡಿಸಿದರೆ ಕಾಯ್ದೆಯಲ್ಲಿ ಮೊದಲ ಸಲಕ್ಕೇ 5,000 ರೂಪಾಯಿವರೆಗೆ ದಂಡ ಇದೆ.

ದಂಡ ದೊಡ್ಡದಲ್ಲ. ದೊಡ್ಡದು ಇನ್ಶೂರೆನ್ಸ್. ರಾಜಸ್ಥಾನದ ಒಬ್ಬರು 2011ರಲ್ಲಿ ಹೊಸ ಬೊಲೆರೊ ಕೊಂಡರು. ತಾತ್ಕಾಲಿಕ ನೋಂದಣಿ ಜುಲೈ 19ಕ್ಕೆ ಮುಗಿಯಿತು. ಕಾಯಂ ನೋಂದಣಿ ಮಾಡಿಸಿರಲಿಲ್ಲ. ಅದೇ ತಿಂಗಳ ಕೊನೆಯಲ್ಲಿ ಜೋಧಪುರದಲ್ಲಿ ಗೆಸ್ಟ್‌ಹೌಸಿನ ಹೊರಗೆ ನಿಲ್ಲಿಸಿದ್ದ ಗಾಡಿ ಕಳುವಾಯಿತು. ಪಾಲಿಸಿ ಚಾಲ್ತಿಯಲ್ಲೇ ಇತ್ತು. ಗ್ರಾಹಕ ಆಯೋಗಗಳಲ್ಲಿ ಅವರಿಗೆ ಗೆಲುವೂ ಸಿಕ್ಕಿತ್ತು. ಆದರೆ 2021ರ ಸೆಪ್ಟೆಂಬರ್ 30ರಂದು ಸುಪ್ರೀಂ ಕೋರ್ಟ್, ನೋಂದಣಿ ಇಲ್ಲದ ಗಾಡಿಯನ್ನು ರಸ್ತೆಗೆ ತಂದದ್ದೇ ಪಾಲಿಸಿಯ ಮೂಲ ಷರತ್ತು ಮುರಿದ ಹಾಗೆ ಎಂದು ಹೇಳಿ ಪರಿಹಾರ ಕೊಡಬೇಕಿಲ್ಲ ಎಂದಿತು. ಮಧ್ಯೆ ಇದ್ದದ್ದು ಬರೀ ಒಂಬತ್ತು ಹತ್ತು ದಿನ. ಅದನ್ನು ಓದಿದ ಮೇಲೆ ‘ಎರಡು ದಿನ ತಾನೆ, ಏನಾಗುತ್ತೆ’ ಅನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ.

ಹಬ್ಬದ ದಿನವೇ ಕಾರು ಬೇಕು ಅನ್ನುವವರು ದುಡ್ಡು ಮತ್ತು ಕಾಗದ ಪತ್ರ ಎರಡನ್ನೂ ಬೇಗ ಮುಗಿಸಿಕೊಡಿ. ಹಬ್ಬದ ವಾರದಲ್ಲಿ ಶೋರೂಮಿನಲ್ಲಿ ಗಾಡಿಗಳ ಸಾಲು ಉದ್ದ ಇರುತ್ತದೆ, ನಡುವೆ ರಜೆಗಳೂ ಬರುತ್ತವೆ. ಸಾಲದ ಮಂಜೂರಾತಿ ತಡವಾದರೆ ಎಲ್ಲವೂ ತಡ. ನಂಬರ್ ಬಾರದಿದ್ದರೆ ಶೋರೂಮಿನಲ್ಲೇ ಪೂಜೆ ಮಾಡಿಸಿ ಬಂದವರನ್ನು ನೋಡಿದ್ದೇನೆ. ಕಾರು ನಾಲ್ಕು ದಿನದ ಮೇಲೆ ಮನೆಗೆ ಬಂತು. ಯಾರಿಗೂ ಬೇಸರ ಆಗಲಿಲ್ಲ.

ತಾತ್ಕಾಲಿಕ ನೋಂದಣಿ ಯಾರಿಗೆ?

ಮುಖ್ಯವಾಗಿ ಒಂದು ರಾಜ್ಯದಲ್ಲಿ ಕೊಂಡು ಇನ್ನೊಂದು ರಾಜ್ಯದಲ್ಲಿ ನೋಂದಣಿ ಮಾಡಿಸುವವರಿಗೆ. ಅದರ ಪ್ಲೇಟು ಹಳದಿ, ಅಕ್ಷರ ಕೆಂಪು. ಕೆಂಪು ಪ್ಲೇಟಿನ ಮೇಲೆ ಬಿಳಿ ಅಕ್ಷರ ಇದ್ದರೆ ಅದು ಡೀಲರಿನ ಟ್ರೇಡ್ ನಂಬರ್. ಅದರಲ್ಲಿ ನೀವು ಮನೆ ಕೆಲಸಕ್ಕೆ ಓಡಾಡುವ ಹಾಗಿಲ್ಲ. ತಾತ್ಕಾಲಿಕ ಪತ್ರದಲ್ಲಿ ಮುಗಿಯುವ ದಿನಾಂಕ ಬರೆದಿರುತ್ತದೆ. ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.

ಹೊಸೂರು ಅಥವಾ ಪುದುಚೇರಿಯಲ್ಲಿ ಕೊಂಡರೆ ಟ್ಯಾಕ್ಸ್ ಉಳಿಯುತ್ತದಂತೆ?

ಅಲ್ಲಿ ಕೊಂಡು ತಾತ್ಕಾಲಿಕ ನೋಂದಣಿಯಲ್ಲಿ ತಂದು ಇಲ್ಲಿ ಕಾಯಂ ಮಾಡಿಸಿದರೆ ಟ್ಯಾಕ್ಸ್ ಕರ್ನಾಟಕದ್ದೇ ಬೀಳುತ್ತದೆ. ಉಳಿಯುವುದೇನೂ ಇಲ್ಲ. ಅಲ್ಲಿಯದೇ ವಿಳಾಸ ತೋರಿಸಿ ಅಲ್ಲಿಯ ನಂಬರಿನಲ್ಲಿ ಇಲ್ಲಿ ಓಡಿಸುವವರೂ ಇದ್ದಾರೆ. ಆದರೆ ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ಇಲ್ಲಿಯ ನಂಬರ್ ಪಡೆಯಬೇಕು, ಟ್ಯಾಕ್ಸ್ ಕಟ್ಟಬೇಕು. ಬೆಂಗಳೂರಿನಲ್ಲಿ ಸಾರಿಗೆ ಇಲಾಖೆಯವರು ಇಂಥ ದುಬಾರಿ ಕಾರುಗಳನ್ನು ಹಿಡಿದು ನಿಲ್ಲಿಸಿದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಇಲ್ಲದ ಮನೆಯ ವಿಳಾಸ ಕೊಡುವುದು ಸುಳ್ಳು ದಾಖಲೆ ಕೊಟ್ಟ ಹಾಗೆ. ಅದನ್ನು ಮಾಡಲೇಬೇಡಿ.

ಬಿಎಚ್ ನಂಬರ್ ನನಗೆ ಸಿಗುತ್ತಾ?

2021ರಲ್ಲಿ ಶುರುವಾದ ಭಾರತ್ ಸರಣಿ ಇದು. ಕೇಂದ್ರ, ರಾಜ್ಯ ಸರ್ಕಾರಿ ನೌಕರರು, ರಕ್ಷಣಾ ಪಡೆಯವರು, ಸರ್ಕಾರಿ ಉದ್ಯಮಗಳ ನೌಕರರು, ಮತ್ತು ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯವರು ಅರ್ಹರು. ಕಂಪನಿಯವರು ಫಾರಂ 60ರಲ್ಲಿ ಕೆಲಸದ ಪ್ರಮಾಣಪತ್ರ ಕೊಡಬೇಕು. ಪ್ಯಾನ್ ಇಲ್ಲದವರು ಕೊಡುವ ಆದಾಯ ತೆರಿಗೆಯ ಫಾರಂ 60 ಬೇರೆ, ಇದು ಬೇರೆ. ಹೆಸರು ಒಂದೇ ಆದ್ದರಿಂದ ಗೊಂದಲ ಆಗುತ್ತದೆ.

ಅನುಕೂಲ ಏನೆಂದರೆ ರಾಜ್ಯ ಬದಲಾದರೂ ನಂಬರ್ ಬದಲಾಗುವುದಿಲ್ಲ, ಟ್ಯಾಕ್ಸನ್ನು ಎರಡೆರಡು ವರ್ಷಕ್ಕೆ ಕಟ್ಟಬಹುದು. ಪೆಟ್ರೋಲ್ ಕಾರಿಗೆ 10 ಲಕ್ಷದವರೆಗೆ ಶೇ. 8, 20 ಲಕ್ಷದವರೆಗೆ ಶೇ. 10, ಅದರ ಮೇಲೆ ಶೇ. 12ರ ಲೆಕ್ಕ. ಇದು ಪೂರ್ತಿ 15 ವರ್ಷದ ದರ, ಎರಡು ವರ್ಷಕ್ಕೆ ಕಟ್ಟುವುದು ಅದರ ಒಂದು ಪಾಲು. ಡೀಸೆಲ್ ಆದರೆ ಶೇ. 2 ಜಾಸ್ತಿ, ಎಲೆಕ್ಟ್ರಿಕ್ ಆದರೆ ಶೇ. 2 ಕಮ್ಮಿ. ಎರಡು ವರ್ಷಕ್ಕೊಮ್ಮೆ ಕಟ್ಟುವುದನ್ನು ಮರೆಯುವ ಸ್ವಭಾವ ಇದ್ದರೆ ಯೋಚಿಸಿ. ವರ್ಗಾವಣೆ ಆಗುವ ಕೆಲಸ ಇರುವವರಿಗೆ ಇದು ನಿಜವಾಗಲೂ ಒಳ್ಳೆಯದು. ಊರು ಬಿಟ್ಟು ಹೋಗದವರಿಗೆ ಮಾಮೂಲಿ ಕೆಎ ನಂಬರೇ ನೆಮ್ಮದಿ.

ಇಷ್ಟದ ನಂಬರ್ ಬೇಕಿದ್ದರೆ?

ಶೋರೂಮ್‌ಗೆ ಮೊದಲೇ ಹೇಳಿ. ಸಾಮಾನ್ಯ ನಂಬರ್ ಒಮ್ಮೆ ಬಂದುಬಿಟ್ಟರೆ ಬದಲಾಯಿಸಲು ಆಗುವುದಿಲ್ಲ. ಬಹಳ ಬೇಡಿಕೆಯ ನಂಬರುಗಳು ಹರಾಜಿಗೆ ಹೋಗುತ್ತವೆ.

ನಂಬರ್ ಪ್ಲೇಟಿನಲ್ಲಿ ಕನ್ನಡ ಅಂಕಿ ಹಾಕಿಸಬಹುದಾ?

ಹಾಕಿಸಬೇಕು ಅಂತ ನನಗೂ ಆಸೆ. ಆದರೆ ಕೇಂದ್ರ ಮೋಟಾರು ವಾಹನ ನಿಯಮ ಇಂಗ್ಲಿಷ್ ಅಕ್ಷರ, ಎಲ್ಲ ಕಡೆ ಬಳಸುವ 1, 2, 3 ಅಂಕಿಗಳೇ ಇರಬೇಕು ಅನ್ನುತ್ತದೆ. 2019ರ ಏಪ್ರಿಲ್ 1ರಿಂದ ತಯಾರಾದ ಗಾಡಿಗಳಿಗೆಲ್ಲ ಎಚ್‌ಎಸ್‌ಆರ್‌ಪಿ ಎಂಬ ಹೆಚ್ಚು ಭದ್ರತೆಯ ಪ್ಲೇಟು ಕಡ್ಡಾಯ. ಅದನ್ನು ಡೀಲರೇ ಹಾಕಿಕೊಡಬೇಕು. ಅಶೋಕ ಚಕ್ರದ ಹೊಲೋಗ್ರಾಂ, ಲೇಸರಿನಲ್ಲಿ ಕೊರೆದ ಗುರುತು ಸಂಖ್ಯೆ, ಒಮ್ಮೆ ಹಾಕಿದರೆ ಮುರಿಯದೆ ಬಿಚ್ಚಲಾಗದ ಲಾಕು, ಇವಿಷ್ಟು ಇವೆಯಾ ನೋಡಿ. ಮುಂದಿನ ಗಾಜಿನ ಒಳಗೆ ಒಂದು ಬಣ್ಣದ ಸ್ಟಿಕ್ಕರ್ ಕೂಡ ಇರುತ್ತದೆ: ಪೆಟ್ರೋಲ್ ಮತ್ತು ಸಿಎನ್‌ಜಿಗೆ ತಿಳಿ ನೀಲಿ, ಡೀಸೆಲ್‌ಗೆ ಕಿತ್ತಳೆ. ಅದೂ ಪ್ಲೇಟಿನ ಭಾಗವೇ. ಗಾಜು ಒರೆಸುವಾಗ ಕಿತ್ತು ಹಾಕಬೇಡಿ.

ಎಲೆಕ್ಟ್ರಿಕ್ ಕಾರಿಗೆ ಏನು ವ್ಯತ್ಯಾಸ?

ಪ್ಲೇಟು ಹಸಿರು, ಅಕ್ಷರ ಬಿಳಿ. 2021ರ ಆಗಸ್ಟಿನಿಂದ ಆರ್‌ಸಿ ಕೊಡುವ ಮತ್ತು ನವೀಕರಿಸುವ ಫೀಸು ಇಲ್ಲ. ರಾಜ್ಯದ ಟ್ಯಾಕ್ಸ್ ಬೇರೆ ವಿಷಯ. ಮೊದಲು ಪೂರ್ತಿ ವಿನಾಯಿತಿ ಇತ್ತು. 2024ರಲ್ಲಿ 25 ಲಕ್ಷಕ್ಕಿಂತ ಹೆಚ್ಚಿನ ಬೆಲೆಯ ಎಲೆಕ್ಟ್ರಿಕ್ ಕಾರಿಗೆ ಶೇ. 10 ಬಂತು. ಈ ವಿಷಯದಲ್ಲಿ ನಿಯಮ ಬೇಗ ಬೇಗ ಬದಲಾಗುವುದರಿಂದ ಬುಕ್ ಮಾಡುವ ವಾರದ ದರವನ್ನೇ ನಂಬಿ.

ಹೆಂಡತಿಗೆ ಡ್ರೈವಿಂಗ್ ಲೈಸೆನ್ಸ್ ಇಲ್ಲ. ಅವರ ಹೆಸರಿನಲ್ಲಿ ಕಾರು ಮಾಡಿಸಬಹುದಾ?

ಧಾರಾಳವಾಗಿ. ಕಾರಿನ ಮಾಲೀಕರಾಗಲು ಲೈಸೆನ್ಸ್ ಬೇಕಿಲ್ಲ. ಅಮ್ಮನ ಹೆಸರಿನಲ್ಲಿ ಕಾರು ಕೊಂಡವರು ನಮ್ಮ ಬಳಗದಲ್ಲೇ ನಾಲ್ಕು ಜನ ಇದ್ದಾರೆ. ಇನ್‌ವಾಯ್ಸ್, ಇನ್ಶೂರೆನ್ಸ್, ಅರ್ಜಿ ಮೂರೂ ಅದೇ ಹೆಸರಿನಲ್ಲಿ ಇರಬೇಕು, ಅಷ್ಟೇ. ಇನ್ಶೂರೆನ್ಸ್‌ನಲ್ಲಿ ಮಾಲೀಕ ಚಾಲಕರ ವೈಯಕ್ತಿಕ ಅಪಘಾತ ವಿಮೆ ಎಂದು ಒಂದು ಸಾಲು ಇರುತ್ತದೆ. ಅದು ಲೈಸೆನ್ಸ್ ಇರುವ ಮಾಲೀಕರಿಗೆ. ಲೈಸೆನ್ಸ್ ಇಲ್ಲ ಎಂದು ವಿಮೆಯವರಿಗೆ ತಿಳಿಸಿ.

ಕಾರ್ಡು ಇನ್ನೂ ಬಂದಿಲ್ಲ. ಪೊಲೀಸರು ಹಿಡಿದರೆ?

ನಂಬರ್ ಬಂದು ದಾಖಲೆ ಅನುಮೋದನೆ ಆಗಿದ್ದರೆ ಚಿಂತೆ ಬೇಡ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್, ಚಾಸಿಸ್ ನಂಬರ್ ಹಾಕಿದರೆ ಆರ್‌ಸಿ ಸಿಗುತ್ತದೆ. ಅದು ಕಾರ್ಡಿನಷ್ಟೇ ಮಾನ್ಯ ಎಂದು 2018ರಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ತಿಳಿಸಿದೆ. ಫೋಟೊ ಅಥವಾ ಜೆರಾಕ್ಸ್ ಅದಕ್ಕೆ ಸಮ ಅಲ್ಲ. ಆ್ಯಪಿನೊಳಗೇ ತೆರೆದು ತೋರಿಸಬೇಕು.

ಡಿಜಿಲಾಕರಿನಲ್ಲಿ ನಿಮ್ಮ ಆಧಾರಿನ ಹೆಸರಿಗೂ ಆರ್‌ಸಿಯ ಹೆಸರಿಗೂ ಹೊಂದದಿದ್ದರೆ ಆರ್‌ಸಿ ಬರುವುದೇ ಇಲ್ಲ. ಮೇಲೆ ಹೇಳಿದ ಇನಿಷಿಯಲ್ ತಕರಾರು ಮೊದಲು ಗೊತ್ತಾಗುವುದು ಇಲ್ಲೇ. ಕಾರು ಬಂದ ವಾರದಲ್ಲೇ ಒಮ್ಮೆ ಪ್ರಯತ್ನಿಸಿ ನೋಡಿ.

ಒಂದು ತಿಂಗಳು ಕಳೆದರೂ ಕಾರ್ಡು ಬಾರದಿದ್ದರೆ ಶೋರೂಮಿನಲ್ಲಿ ಅರ್ಜಿ ಸಂಖ್ಯೆ ಪಡೆದು ಪರಿವಾಹನ್ ಜಾಲತಾಣದಲ್ಲಿ ಸ್ಥಿತಿ ನೋಡಿ. ಸ್ಪೀಡ್ ಪೋಸ್ಟ್ ಸಂಖ್ಯೆ ಸಿಕ್ಕರೆ ಎಲ್ಲಿದೆ ಎಂದು ಅಂಚೆಯವರ ಜಾಲತಾಣದಲ್ಲೇ ಗೊತ್ತಾಗುತ್ತದೆ. ನಮ್ಮದು ಸಿಕ್ಕಿದ್ದು ಹೀಗೆ. ವಾಪಸ್ ಹೋಗಿದ್ದ ಕಾರ್ಡನ್ನು ಗುರುತಿನ ಚೀಟಿ ತೋರಿಸಿ ಆರ್‌ಟಿಒ ಕಚೇರಿಯಲ್ಲಿ ನಾನೇ ತೆಗೆದುಕೊಂಡು ಬಂದೆ. ಕೌಂಟರಿನಲ್ಲಿದ್ದ ಅಮ್ಮ ಬಹಳ ಸಮಾಧಾನದಿಂದ ಹುಡುಕಿಕೊಟ್ಟರು.

ಆರ್‌ಸಿಯಲ್ಲಿ ತಪ್ಪು ಇದೆ. ಈಗ ಏನು ಮಾಡುವುದು?

ಏನೂ ಆಗಲ್ಲ ಬಿಡು ಎಂದು ಸುಮ್ಮನಿರಬೇಡಿ. ಮೊದಲು ಶೋರೂಮಿಗೆ ಲಿಖಿತವಾಗಿ ತಿಳಿಸಿ. ಇಮೇಲ್ ಒಳ್ಳೆಯದು, ದಿನಾಂಕ ಉಳಿಯುತ್ತದೆ. ತಪ್ಪು ಅವರು ಟೈಪ್ ಮಾಡಿದ್ದರಿಂದ ಆಗಿದ್ದರೆ ಸರಿಪಡಿಸಿಕೊಡುವುದು ಅವರ ಜವಾಬ್ದಾರಿ. ಜೊತೆಗೆ ಇನ್‌ವಾಯ್ಸ್, ಫಾರಂ 21, ಆಧಾರ್ ನಕಲು ಇಟ್ಟು ನೋಂದಣಿ ಆದ ಆರ್‌ಟಿಒಗೆ ತಿದ್ದುಪಡಿ ಅರ್ಜಿ ಕೊಡಿ.

ಹೆಸರಿನ ಒಂದಕ್ಷರ ತಪ್ಪಿದ್ದರೆ ತೊಂದರೆ ಬರುವುದು ಮಾರುವಾಗ, ಸಾಲ ತೀರಿಸುವಾಗ. ಚಾಸಿಸ್ ನಂಬರ್ ತಪ್ಪಿದ್ದರೆ ವಿಷಯ ಗಂಭೀರ. ಕಾಗದದ ಪ್ರಕಾರ ಅದು ಬೇರೆಯೇ ಕಾರು. ವಿಮೆ ಕೇಳಿದ ದಿನ ಇದು ಎದುರಿಗೆ ಬಂದು ನಿಲ್ಲುತ್ತದೆ. ಇದರಲ್ಲಿ ಒಂದು ವಾರ ಕೂಡ ತಡ ಮಾಡಬೇಡಿ. ತಿದ್ದಿದ ಆರ್‌ಸಿ ಬಂದ ಮೇಲೆ ಅದೇ ತಪ್ಪು ಪಾಲಿಸಿಯಲ್ಲೂ ಇದೆಯಾ ನೋಡಿ, ಅಲ್ಲೂ ತಿದ್ದಿಸಿ.

ನಂಬರ್ ಬಂದ ಮೇಲೆ ಬೇರೆ ಕಡೆ ಎಲ್ಲಿ ಸೇರಿಸಬೇಕು?

ಇನ್ಶೂರೆನ್ಸ್ ಮೊದಲು ಚಾಸಿಸ್ ನಂಬರಿನ ಮೇಲೆ ಆಗಿರುತ್ತದೆ, ಅದಕ್ಕೆ ಗಾಡಿ ನಂಬರ್ ಸೇರಿಸಿ. ಹೊಸ ಕಾರಿಗೆ ಮೂರನೆಯವರ ವಿಮೆ (ಥರ್ಡ್ ಪಾರ್ಟಿ, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ) ಮೂರು ವರ್ಷಕ್ಕೆ ಒಟ್ಟಿಗೆ ಬರುತ್ತದೆ, ನಿಮ್ಮ ಕಾರಿನ ಹಾನಿಯ ವಿಮೆ ಒಂದೇ ವರ್ಷದ್ದು ಆಗಿರಬಹುದು. ಮೂರು ವರ್ಷ ಚಿಂತೆ ಇಲ್ಲ ಎಂದು ತಪ್ಪು ತಿಳಿದವರು ಬಹಳ. ಫಾಸ್ಟ್ಯಾಗ್‌ಗೂ ನಂಬರ್ ಸೇರಿಸಿ, ಇಲ್ಲದಿದ್ದರೆ ಟೋಲಿನಲ್ಲಿ ಟ್ಯಾಗ್ ನಿಂತುಹೋಗುತ್ತದೆ. ಹೊಗೆ ಪರೀಕ್ಷೆ ಮೊದಲ ವರ್ಷ ಬೇಕಿಲ್ಲ.

ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇದೆ. ಸಾಲ ತೀರಿದ ಮೇಲೆ ಅದು ತಾನಾಗಿಯೇ ಹೋಗುತ್ತದಾ?

ಹೋಗುತ್ತದೆ ಎಂದು ನಂಬಿ ಕೂರಬೇಡಿ. ಕೊನೆಯ ಕಂತು ಕಟ್ಟಿದ ಮೇಲೆ ಬ್ಯಾಂಕಿನಿಂದ ತಕರಾರಿಲ್ಲ ಎಂಬ ಎನ್‌ಒಸಿ ಮತ್ತು ಸಹಿ ಹಾಕಿದ ಫಾರಂ 35 ಪಡೆಯಿರಿ. ಪರಿವಾಹನ್‌ನಲ್ಲಿ ಅರ್ಜಿ ಹಾಕಿ ಆ ಹೆಸರು ತೆಗೆಸಿ. ವಿಮೆಯಲ್ಲೂ ತೆಗೆಸಿ. ಬ್ಯಾಂಕಿನ ಎನ್‌ಒಸಿಗೆ ಅವಧಿ ಇರುತ್ತದೆ, ಬೀರುವಿನಲ್ಲಿಟ್ಟು ಮರೆತರೆ ಮತ್ತೆ ಕೇಳಿ ಪಡೆಯಬೇಕು. ನಮ್ಮ ಭಾವ ಸಾಲ ತೀರಿಸಿ ಆರು ವರ್ಷ ಆದಮೇಲೆ ಕಾರು ಮಾರಲು ಹೊರಟರು. ಆ ಹೊತ್ತಿಗೆ ಸಾಲ ಕೊಟ್ಟ ಸಂಸ್ಥೆ ಇನ್ನೊಂದರಲ್ಲಿ ಸೇರಿಹೋಗಿತ್ತು. ಹಳೆಯ ಸಾಲದ ಖಾತೆ ಹುಡುಕಿಸುವುದಕ್ಕೇ ವಾರಗಟ್ಟಲೆ ಹಿಡಿಯಿತು.

ನಾಮಿನಿ ಹಾಕಲೇಬೇಕಾ?

ಕಡ್ಡಾಯ ಅಲ್ಲ, ಆದರೆ ದಯವಿಟ್ಟು ಹಾಕಿ. 2021ರಿಂದ ನೋಂದಣಿ ಸಮಯದಲ್ಲೇ ಹಾಕುವ ಅವಕಾಶ ಇದೆ. ಆಮೇಲೂ ಸೇರಿಸಬಹುದು. ಮನೆಯ ಹಿರಿಯರು ತೀರಿಕೊಂಡರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರಂ 31ರಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕು. ದುಃಖದ ಮನೆಯಲ್ಲಿ ವಾರಸುದಾರರ ಪತ್ರಕ್ಕೆ ಕಚೇರಿ ಅಲೆಯುವುದು ಎಷ್ಟು ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು. ನಾಮಿನಿ ಇದ್ದರೆ ಆ ಓಡಾಟ ಕಮ್ಮಿ.

ಆರ್‌ಸಿ ಎಷ್ಟು ವರ್ಷ ಇರುತ್ತದೆ? ಕಳೆದುಹೋದರೆ?

ಸ್ವಂತ ಕಾರಿಗೆ 15 ವರ್ಷ. ಆಮೇಲೆ ತಪಾಸಣೆ ಮಾಡಿಸಿ ಫಾರಂ 25ರಲ್ಲಿ ಅರ್ಜಿ ಹಾಕಿದರೆ ಐದೈದು ವರ್ಷಕ್ಕೆ ನವೀಕರಣ. ಕಳೆದುಹೋದರೆ ಪೊಲೀಸ್ ದೂರಿನ ಪ್ರತಿ ಮತ್ತು ಫಾರಂ 26 ಕೊಟ್ಟು ನಕಲು ಪಡೆಯಬೇಕು. ಕಾರ್ಡನ್ನು ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಿಡಬೇಡಿ. ಕಾರು ಕಳುವಾದರೆ ಅದೂ ಹೋಗುತ್ತದೆ. ಮೊಬೈಲಿನಲ್ಲಿ ಡಿಜಿಲಾಕರ್ ಇದ್ದರೆ ಸಾಕು.

ಹಳೆಯ ಕಾರನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು ಹೊಸದು ತಂದೆ. ಹಳೆಯದರ ಆರ್‌ಸಿ ಇನ್ನೂ ನನ್ನ ಹೆಸರಿನಲ್ಲೇ ಇದೆ. ತೊಂದರೆಯಾ?

ಹೌದು. ಹೊಸ ಕಾರಿನ ಸಂಭ್ರಮದಲ್ಲಿ ಬಹಳ ಜನ ಮರೆಯುವುದು ಇದನ್ನೇ. ಕೀಲಿ ಕೊಟ್ಟು ಬಂದಿರಿ, ಅದರ ದುಡ್ಡನ್ನು ಶೋರೂಮಿನವರು ಹೊಸ ಕಾರಿನ ಬೆಲೆಯಲ್ಲಿ ಕಳೆದರು. ಆದರೆ ದಾಖಲೆಯಲ್ಲಿ ಹೆಸರು ಬದಲಾಗುವವರೆಗೆ ಮಾಲೀಕರು ನೀವೇ. ಆ ಕಾರು ಸಿಗ್ನಲ್ ಜಂಪ್ ಮಾಡಿದರೆ ಚಲನ್ ನಿಮ್ಮ ಫೋನಿಗೆ ಬರುತ್ತದೆ. ಅಪಘಾತ ಆದರೆ ಪರಿಹಾರದ ಹೊಣೆಯೂ ನೋಂದಾಯಿತ ಮಾಲೀಕರದು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಪ್ರಕರಣದಲ್ಲಿ ಕಾರು ಕೈಯಿಂದ ಕೈಗೆ ಹಲವು ಸಲ ಮಾರಾಟ ಆಗಿತ್ತು. ಆದರೂ ಹೊಣೆ ಬಿದ್ದದ್ದು ದಾಖಲೆಯಲ್ಲಿ ಹೆಸರಿದ್ದ ಮೊದಲಿನವರ ಮೇಲೆ.

ಮಾರಿದ 14 ದಿನದೊಳಗೆ ಮಾರಿದವರು ಫಾರಂ 29ರಲ್ಲಿ ಆರ್‌ಟಿಒಗೆ ತಿಳಿಸಬೇಕು. ಹಳೆಯ ಕಾರು ಕೊಳ್ಳುವ ಡೀಲರುಗಳಿಗೆ 2023ರ ಏಪ್ರಿಲ್‌ನಿಂದ ಹೊಸ ನಿಯಮ ಬಂದಿದೆ. ಆರ್‌ಟಿಒದ ಅಧಿಕೃತ ಪತ್ರ ಇರುವ ಡೀಲರಿಗೆ ಕೊಟ್ಟು ಫಾರಂ 29ಸಿ ಆನ್‌ಲೈನಿನಲ್ಲಿ ಸಲ್ಲಿಸಿದರೆ, ಅಲ್ಲಿಂದ ಮುಂದೆ ಆ ಡೀಲರೇ ಮಾಲೀಕರು ಎಂದು ಲೆಕ್ಕ. ಕೀಲಿ ಕೊಡುವ ಮೊದಲೇ ‘29ಸಿ ಹಾಕ್ತೀರಾ?’ ಎಂದು ಕೇಳಿ. ಹಾಕಿದ ಸ್ವೀಕೃತಿ ಕೈಗೆ ಬಂದ ಮೇಲೆ ಕೀಲಿ ಕೊಡಿ. ಅವರಿಗೆ ಆ ಪತ್ರ ಇಲ್ಲದಿದ್ದರೆ, ಕಾರು ಕೊಟ್ಟ ದಿನಾಂಕ ಮತ್ತು ಸಮಯ ಬರೆದ ರಸೀದಿಗೆ ಸೀಲು ಹಾಕಿಸಿಕೊಳ್ಳಿ. ಒಂದು ತಿಂಗಳು ಬಿಟ್ಟು ಎಂಪರಿವಾಹನ್‌ನಲ್ಲಿ ಹಳೆಯ ನಂಬರ್ ಹಾಕಿ ನೋಡಿ. ಮಾಲೀಕರ ಹೆಸರಿನ ಜಾಗದಲ್ಲಿ ಇನ್ನೂ ನಿಮ್ಮದೇ ಅಕ್ಷರಗಳು ಕಂಡರೆ, ಆ ರಸೀದಿ ಹಿಡಿದು ಅವತ್ತೇ ಶೋರೂಮಿಗೆ ಹೋಗಿ.